ಪೆಟ್ಟಿಗೆಗೆ ಬರೆದ ಎರಡು ಕಣ್ಣು

ಕೆಲಸ ಮುಗಿಸಿ ಬಂದು ಬಾಗಿಲು ತೆರೆದ ಕೂಡಲೇ ಒಳಗಿನಿಂದ ಅತ್ತೆಯ ದನಿ ಬರುತ್ತಿತ್ತು. “ಏನೂ ಮುಟ್ಬೇಡ ಕಣೇ, ನೆಟ್ಟಗೆ ಬಚ್ಚಲಿಗೆ ನಡಿ.”

ನಜ್ಮಾ ಬಡಾವಣೆಯ ನಮ್ಮ ಫ್ಲಾಟಿನಲ್ಲಿ ಮುಂಬಾಗಿಲಿನ ಪಕ್ಕದಲ್ಲೇ ಒಂದು ಸಣ್ಣ ಬಚ್ಚಲಿದೆ. ಅಲ್ಲಿ ನನ್ನ ನೈಟಿ, ಟವೆಲು, ತುಂಬಿದ ಬಕೆಟ್ಟು ಮೊದಲೇ ಸಿದ್ಧವಾಗಿರುತ್ತಿದ್ದವು. ದೋಹಾದ ಬೇಸಿಗೆಯಲ್ಲಿ ಟೆರೇಸಿನ ಟ್ಯಾಂಕಿನ ನೀರು ಮೈ ಸುಡುವಷ್ಟು ಕಾದಿರುತ್ತದೆ. ಅದಕ್ಕೆ ಇಲ್ಲಿ ಎಲ್ಲರೂ ಗೀಸರ್ ಆಫ್ ಮಾಡಿ, ಅದರೊಳಗೆ ನಿಂತು ತಣಿದ ನೀರನ್ನು ಬಿಸಿನೀರಿನ ನಲ್ಲಿಯಿಂದ ಹಿಡಿಯುತ್ತಾರೆ. ಈ ತಲೆಕೆಳಗಾದ ವ್ಯವಸ್ಥೆಯನ್ನು ಅತ್ತೆ ಬಂದ ವಾರದಲ್ಲೇ ಕಲಿತು, ನನಗೋಸ್ಕರ ತಣ್ಣೀರು ಹಿಡಿದಿಡುತ್ತಿದ್ದರು. ಬೈಗುಳದ ಜೊತೆಗೆ ಈ ಉಪಚಾರವೂ ಇತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ತಲೆಗೆ ನೀರು ಸುರಿದುಕೊಂಡು, ತೊಟ್ಟ ಬಟ್ಟೆ ನೆನೆಸಿ, ಒದ್ದೆ ಕೂದಲಲ್ಲಿ ಹೊರಗೆ ಬಂದ ಮೇಲೆಯೇ ಕಾಫಿ. ಅದಕ್ಕೆ ಮುಂಚೆ ಹೆತ್ತ ಮಗಳನ್ನೂ ಮುಟ್ಟುವ ಹಾಗಿರಲಿಲ್ಲ.

ಇದಕ್ಕೆಲ್ಲ ಕಾರಣ ನನ್ನ ಕೆಲಸ. ಉಮ್ಮ್ ಸಲಾಲ್ ಕಡೆಯ ಒಂದು ಖಾಸಗಿ ಸಂಗ್ರಹಾಲಯದಲ್ಲಿ ನಾನು ಸಹಾಯಕಿಯಾಗಿದ್ದೆ. ಶ್ರೀಮಂತರೊಬ್ಬರು ಜೀವಮಾನವಿಡೀ ಕೂಡಿಹಾಕಿದ ವಸ್ತುಗಳು ಅಲ್ಲಿದ್ದವು, ಅದರಲ್ಲಿ ಒಂದು ಹಜಾರ ಪೂರ್ತಿ ಪ್ರಾಚೀನ ಈಜಿಪ್ಟಿನದು. ಶವಪೆಟ್ಟಿಗೆಗಳು, ಸತ್ತವರ ಜೊತೆಗಿಟ್ಟ ಮಡಕೆ ಕುಡಿಕೆ, ತಾಮ್ರದ ಕನ್ನಡಿ, ಮರದ ತಲೆದಿಂಬು, ಬೆರಳುದ್ದದ ಆಳುಗೊಂಬೆಗಳು. ಮೈಸೂರಿನಲ್ಲಿ ಪ್ರಾಚೀನ ಇತಿಹಾಸದಲ್ಲಿ ಎಂ.ಎ. ಮಾಡಿ, ಮದುವೆಯಾಗಿ, ಗಂಡನ ವೀಸಾದ ಮೇಲೆ ಇಲ್ಲಿಗೆ ಬಂದು, ವರ್ಷಗಟ್ಟಲೆ ಬರೀ ಒಗ್ಗರಣೆ ಹಾಕಿಕೊಂಡು ಕೂತವಳಿಗೆ ಸಿಕ್ಕ ಕೆಲಸವದು. ಅತ್ತೆಗೆ “ಹಳೇ ಮರದ ಸಾಮಾನು ನೋಡ್ಕೊಳ್ಳೋದು” ಎಂದಷ್ಟೇ ಹೇಳಿದ್ದೆ. ಆದರೆ ಒಂದನೇ ಕ್ಲಾಸಿನ ನನ್ನ ಮಗಳಿಗೆ ಗುಟ್ಟು ನಿಲ್ಲುವುದಿಲ್ಲ. “ಅಜ್ಜೀ, ಅಮ್ಮನ ಆಫೀಸ್ ಫುಲ್ ಡೆಡ್ ಪೀಪಲ್ ಬಾಕ್ಸ್” ಎಂದು ಅವಳು ತನ್ನ ಅರೆಬರೆ ಕನ್ನಡದಲ್ಲಿ ಊದಿದ ದಿನದಿಂದ ಬಚ್ಚಲ ಕಾನೂನು ಜಾರಿಗೆ ಬಂತು.

“ಅತ್ತೆ, ಅದರಲ್ಲಿ ಹೆಣ ಇಲ್ಲ, ಖಾಲಿ ಪೆಟ್ಟಿಗೆ,” ಎಂದು ಬಚ್ಚಲೊಳಗಿನಿಂದಲೇ ಕೂಗುತ್ತಿದ್ದೆ.

“ಒಂದು ಕಾಲಕ್ಕೆ ಇತ್ತೋ ಇಲ್ವೋ?”

“ಇತ್ತು, ನಾಲ್ಕು ಸಾವಿರ ವರ್ಷದ ಹಿಂದೆ. ಸೂತಕ ಹತ್ತು ದಿನ ತಾನೇ?”

“ಹತ್ತು ದಿನ, ಕಳೆಯೋರು ಇದ್ರೆ. ಇವರಿಗೆ ಯಾರು ಕಳೆದ್ರು? ಕಳೀದೇ ಇದ್ರೆ ಅದು ಹಾಗೇ ಇರತ್ತೆ. ಇನ್ನೊಂದು ಚೊಂಬು ಸುರ್ಕೋ.”

ನನ್ನ ಎಂ.ಎ. ಪದವಿ ಆ ಚೊಂಬಿನ ನೀರಿನ ಜೊತೆ ಮೋರಿಗೆ ಹೋಗುತ್ತಿತ್ತು.

ನಮ್ಮ ಮಾವ ತೀರಿಕೊಂಡ ಮೇಲೆ ಅತ್ತೆ ದೋಹಾಕ್ಕೆ ಬಂದದ್ದು ಎರಡು ತಿಂಗಳಿಗೆಂದು. ಎರಡು ತಿಂಗಳು ಎರಡು ವರ್ಷ ದಾಟಿತ್ತು. ಮೈಸೂರಿನಲ್ಲಿ ಅವರಿಗೆ ಸ್ವಂತ ಮನೆ, ಮಹಡಿಯಲ್ಲಿ ಒಳ್ಳೆಯ ಬಾಡಿಗೆದಾರರು, ಪಕ್ಕದ ಬೀದಿಯಲ್ಲಿ ತಂಗಿ, ವಾರಕ್ಕೊಮ್ಮೆ ಭಜನೆ ಮಂಡಳಿ, ದಿನಕ್ಕೊಮ್ಮೆ ಸೊಪ್ಪಿನವಳ ಜೊತೆ ಜಗಳ. ಅವರು ಯಾರ ಹಂಗಿನಲ್ಲೂ ಇದ್ದವರಲ್ಲ. ಇಲ್ಲಿ ಅವರಿಗಿದ್ದದ್ದು ಫ್ಲಾಟಿನ ಒಳಕೋಣೆ. ಅದಕ್ಕೊಂದು ಕಿಟಕಿ ಇತ್ತು, ಇತ್ತು ಎನ್ನುವುದಕ್ಕೆ. ಅದು ತೆರೆದುಕೊಳ್ಳುತ್ತಿದ್ದದ್ದು ಕಟ್ಟಡದ ನಡುವಿನ ಇಕ್ಕಟ್ಟಾದ ಸಂದಿಗೆ. ಎದುರಿಗೆ ಗೋಡೆ, ಗೋಡೆಯ ತುಂಬ ಪಕ್ಕದವರ ಏಸಿಗಳ ಬೆನ್ನು. ಮರಳು ದೂಳು ಬರುತ್ತದೆಂದು ನನ್ನ ಗಂಡ ಆ ಕಿಟಕಿಗೂ ಸುತ್ತ ಟೇಪು ಅಂಟಿಸಿದ್ದರು.

ಬಂದ ಹೊಸದರಲ್ಲಿ ಅತ್ತೆ ಫ್ಲಾಟಿನ ಬಾಗಿಲ ಮುಂದೆ, ಕಾರಿಡಾರಿನಲ್ಲಿ ರಂಗೋಲಿ ಹಾಕುತ್ತಿದ್ದರು. ಕಟ್ಟಡದ ಕಾವಲಿನ ನಾತೂರ್ ಬಂದು, “ಮಾಫಿ, ಅಮ್ಮಾ, ಮಾಫಿ,” ಎಂದು, ಅಂದರೆ ಇಲ್ಲಿ ಕೂಡದೆಂದು, ಕೈಮುಗಿದು, ತಾನೇ ಬಗ್ಗಿ ಒರೆಸಿ ಹೋದ. ಪಾಪ, ಅವನಿಗೆ ಮಾಲೀಕರ ಭಯ. ಆಮೇಲೆ ಅತ್ತೆ ದೇವರ ಗೂಡಿನ ಮುಂದೆ ಒಂದು ಸ್ಟೀಲ್ ತಟ್ಟೆಯಲ್ಲಿ ರಂಗೋಲಿ ಬಿಡಿಸಿ, ಸಂಜೆ ಆ ಪುಡಿಯನ್ನು ಮತ್ತೆ ಡಬ್ಬಿಗೆ ಸುರಿಯುತ್ತಿದ್ದರು. ಹೊರಗೆ ಓಡಾಡಲು ಬೇಸಿಗೆಯಲ್ಲಿ ಬಿಸಿಲು ಬಿಡದು. ಚಳಿಗಾಲದಲ್ಲಿ ಕೆಳಗಿಳಿದರೆ ಟೈಲರ್ ಅಂಗಡಿ, ಕೆಫೆಟೇರಿಯಾ, ಗಂಡಸರೇ ತುಂಬಿದ ಫುಟ್‌ಪಾತು. ಮಾತಾಡಿಸಲು ಒಂದು ಕನ್ನಡದ ಮುಖ ಕಾಣದೆ, ಎರಡು ಸುತ್ತು ಹಾಕಿ ಮೇಲೆ ಬರುತ್ತಿದ್ದರು.

“ನನ್ನನ್ನ ಕಳ್ಸಿಬಿಡಪ್ಪಾ,” ಎಂದು ಅವರು ಮಗನಿಗೆ ಬಾಯಿಬಿಟ್ಟೇ ಕೇಳುತ್ತಿದ್ದರು.

“ಆಗ್ಲಮ್ಮಾ, ಮುಂದಿನ ತಿಂಗಳು ನೋಡೋಣ,” ಎನ್ನುತ್ತಿದ್ದರು ಇವರು.

ಮುಂದಿನ ತಿಂಗಳು ಬರುತ್ತಿತ್ತು, ಅದರ ಜೊತೆ ಒಂದು ಹೊಸ ಸಾಮಾನೂ ಬರುತ್ತಿತ್ತು. ಕಾಲು ಒತ್ತುವ ಯಂತ್ರ. ಕನ್ನಡ ಚಾನೆಲ್ಲುಗಳಿರುವ ಟಿವಿ, ಅವರ ಕೋಣೆಗೇ ಪ್ರತ್ಯೇಕ. ಮಂಡಿನೋವಿಗೆ ಮೆತ್ತನೆಯ ಚಪ್ಪಲಿ, ಯಾವ ನೆಲದ ಮೇಲೆ ನಡೆಯಲೆಂದೋ ದೇವರಿಗೇ ಗೊತ್ತು. ಒಳಕೋಣೆ ತುಂಬುತ್ತ ಬಂತು. ಅತ್ತೆ ಕೇಳುವುದನ್ನು ಕಡಿಮೆ ಮಾಡಿದರು. ಆಮೇಲೆ ನಿಲ್ಲಿಸಿದರು.

ನಾನು ಈ ವಿಷಯದಲ್ಲಿ ಬಾಯಿ ಹಾಕುತ್ತಿರಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಎಲ್ಲದಕ್ಕೂ ಬಾಯಿ ಹಾಕುವವಳು, ಇದಕ್ಕೆ ಮಾತ್ರ ಇಲ್ಲ. ಶಾಲೆಯ ಬಸ್ಸು ಮಧ್ಯಾಹ್ನ ಮಗಳನ್ನು ಇಳಿಸುವಾಗ ಬಾಗಿಲು ತೆರೆಯಲು ಮನೆಯಲ್ಲಿ ಒಬ್ಬರು ಇರಬೇಕು. ಅತ್ತೆ ಹೋದರೆ ನನ್ನ ಕೆಲಸ ಹೋಯಿತು, ಅಷ್ಟೇ ಸರಳ ಲೆಕ್ಕ. ಇದು ಅತ್ತೆಗೂ ಗೊತ್ತಿತ್ತು, ಇವರಿಗೂ ಗೊತ್ತಿತ್ತು. ಮೂವರೂ ಆ ಮಾತನ್ನು ಬಿಟ್ಟು ಉಳಿದೆಲ್ಲ ಮಾತಾಡಿಕೊಂಡು ಒಂದೇ ಫ್ಲಾಟಿನಲ್ಲಿದ್ದೆವು.

ಕೆಲಸ ನನಗೆ ಅಷ್ಟು ಬೇಕಾಗಿತ್ತು. ಬೆಳಿಗ್ಗೆ ಹಜಾರದ ತೇವಾಂಶ ನೋಡುವುದು, ಟಾರ್ಚು ಹಿಡಿದು ಬಣ್ಣ ಎಲ್ಲಿ ಏಳುತ್ತಿದೆಯೆಂದು ಹುಡುಕುವುದು, ಕೈಗವಸು ತೊಟ್ಟು ಮೆತ್ತನೆಯ ಬ್ರಷ್ಷಿನಲ್ಲಿ ದೂಳು ತೆಗೆಯುವುದು. ಅಲ್ಲಿದ್ದ ಪೆಟ್ಟಿಗೆಗಳಲ್ಲಿ ನನಗೆ ಹೆಚ್ಚು ಸಲಿಗೆಯಿದ್ದದ್ದು ಒಂದು ಉದ್ದನೆಯ ಮರದ ಪೆಟ್ಟಿಗೆಯ ಜೊತೆ. ಮನುಷ್ಯನ ಆಕಾರ, ಚಿನ್ನದ ಮುಖ, ಅಂಥ ಆಡಂಬರ ಅದಕ್ಕಿರಲಿಲ್ಲ. ನಮ್ಮ ಕಡೆಯ ಹಳೇ ದವಸದ ಪೆಟ್ಟಿಗೆಯನ್ನು ಉದ್ದಕ್ಕೆ ಎಳೆದಂತಿತ್ತು. ಅದರ ಒಂದು ಪಕ್ಕದಲ್ಲಿ, ತಲೆ ಬರುವ ಕಡೆ, ಎರಡು ದೊಡ್ಡ ಕಣ್ಣು ಬರೆದಿದ್ದರು. ಕಪ್ಪು ಹುಬ್ಬು, ಬಿಳಿಯ ಒಡಲು, ಕಪ್ಪು ಪಾಪೆ, ಕೆಳಗೊಂದು ಬಳುಕಿದ ಬಾಲ. ಸತ್ತವನನ್ನು ಎಡಮಗ್ಗುಲಾಗಿ, ಮುಖ ಆ ಕಣ್ಣಿಗೆ ಸರಿಯಾಗಿ ಬರುವಂತೆ ಮಲಗಿಸುತ್ತಿದ್ದರು. ನಾನು ದಿನವೂ ಆ ಕಣ್ಣುಗಳ ದೂಳು ತೆಗೆದಿದ್ದೇನೆ. ಹೊರಗಡೆಯಿಂದ ನೋಡಿ, ಬಣ್ಣ ಗಟ್ಟಿಯಿದೆ ಎಂದುಕೊಂಡು ಮುಂದಿನ ಪೆಟ್ಟಿಗೆಗೆ ಹೋಗಿದ್ದೇನೆ.

ವರ್ಷಕ್ಕೊಮ್ಮೆ ಕೆಲಸಗಾರರ ಮನೆಯವರಿಗೆ ಸಂಗ್ರಹಾಲಯ ತೋರಿಸುವ ದಿನವಿತ್ತು. ಮಗಳು ಹಟ ಹಿಡಿದಳು, ಇವರಿಗೆ ಆಫೀಸು, ಅಜ್ಜಿ ಬಾರದೆ ಮೊಮ್ಮಗಳು ಬರಳು. ಹಾಗೆ ಅತ್ತೆ ಹೊರಟರು. ಮನೆಯಲ್ಲಿ ಮೂವರಿಗೂ ಬಕೆಟ್ಟು ತುಂಬಿಸಿಟ್ಟು, ಮಡಿಸಿದ ಬಟ್ಟೆ ಜೋಡಿಸಿಟ್ಟು, “ನನ್ನ ಕೈಲಿ ಏನನ್ನೂ ಮುಟ್ಟಿಸ್ಬೇಡ, ದೂರದಿಂದ ನೋಡ್ತೀನಿ” ಎಂದು ನನ್ನಿಂದ ಮಾತು ತೆಗೆದುಕೊಂಡು ಕಾರು ಹತ್ತಿದರು.

ಹಜಾರದ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಸೆರಗು ಬಿಗಿಮಾಡಿಕೊಂಡರು. ಒಳಗೆ ಬಂದ ಮೇಲೆ ಮಾತ್ರ ಅವರ ಕುತೂಹಲ ಭಯವನ್ನು ಗೆದ್ದಿತು. ಕನ್ನಡಿಯ ಮುಂದೆ ನಿಂತು, “ಇದು ಯಾಕೆ?” ಎಂದರು.

“ಅಲ್ಲೂ ಮುಖ ನೋಡ್ಕೊಳ್ಳೋಕೆ.”

“ಈ ಚಪ್ಪಲಿ?”

“ಓಡಾಡೋಕೆ.”

“ಈ ಗೊಂಬೆಗಳು?”

“ಕೆಲಸದಾಳುಗಳು ಅತ್ತೆ. ಅಲ್ಲಿ ಯಾರಾದ್ರೂ ಕೆಲಸಕ್ಕೆ ಕರೆದ್ರೆ, ಸತ್ತೋರ ಬದಲು ಇವು ಹೋಗ್ತವೆ.”

“ಕಾಳು, ಬೆಣ್ಣೆ ಎಲ್ಲಾ ಈ ಮಡಕೇಲಿ ಇಟ್ಟಿದ್ರಾ? ಎಲ್ಲಾ ಕೊಟ್ಟಿದ್ದಾರೆ ಕಣೇ. ಒಂದು ಕಮ್ಮಿ ಮಾಡಿಲ್ಲ.”

ನನ್ನ ಮೇಲಧಿಕಾರಿ ಈಜಿಪ್ಟಿನವರೇ ಆದ ದಪ್ಪನೆಯ, ನಗುಮುಖದ ಹೆಂಗಸು. ಅತ್ತೆಯನ್ನು ನೋಡಿ “ಅಹ್ಲನ್, ಅಹ್ಲನ್” ಎಂದು ಸ್ವಾಗತಿಸುತ್ತ ಎರಡೂ ಕೈ ಹಿಡಿದುಕೊಂಡುಬಿಟ್ಟರು. ಪೆಟ್ಟಿಗೆ ಮುಟ್ಟುವ ಕೈಯದು. ನನ್ನ ಜೀವ ಬಾಯಿಗೆ ಬಂತು. ಅತ್ತೆ ಕೈ ಎಳೆದುಕೊಳ್ಳಲಿಲ್ಲ. ಬಹುಶಃ ಮನೆಯ ಹೊರಗಿನವರು ಅವರ ಕೈ ಹಿಡಿದು ವರ್ಷಗಳಾಗಿದ್ದವು.

ಆಮೇಲೆ ಅವರು ಕಣ್ಣಿನ ಪೆಟ್ಟಿಗೆಯ ಎದುರಿನ ಬೆಂಚಿನಲ್ಲಿ ಕೂತರು.

“ಇದು ದೃಷ್ಟಿಗೆ ಬರೆದದ್ದಾ?”

“ಅಲ್ಲ ಅತ್ತೆ. ಒಳಗಿರೋರು ಹೊರಗೆ ನೋಡ್ಲಿ ಅಂತ. ಈ ಪಕ್ಕಾನ ಪೂರ್ವಕ್ಕೆ ಬರೋ ಹಾಗೆ ಇಡ್ತಿದ್ರು. ಸೂರ್ಯ ಹುಟ್ಟೋದು ಕಾಣ್ಬೇಕಲ್ಲ.”

ಅತ್ತೆ ಅದನ್ನೇ ನೋಡುತ್ತ ಕೂತರು. ಮಗಳು ಬಂದು ಸೀರೆ ಎಳೆದರೂ ಏಳಲಿಲ್ಲ.

“ಅವನು ಈಗೆಲ್ಲಿದ್ದಾನೆ?”

“ಯಾರು?”

“ಇದರಲ್ಲಿದ್ದೋನು.”

“ಗೊತ್ತಿಲ್ಲ. ನಮಗೆ ಸಿಕ್ಕಿದಾಗ್ಲೇ ಖಾಲಿ ಇತ್ತು.”

“ಹೋದನಲ್ಲ, ಪುಣ್ಯವಂತ,” ಎಂದರು ಅತ್ತೆ.

ಅಂದು ಮನೆಗೆ ಬಂದ ಮೇಲೆ ನಾನು ಅಭ್ಯಾಸಬಲದಿಂದ ಬಚ್ಚಲಿಗೆ ತಿರುಗಿದೆ. ಅತ್ತೆ ತಿರುಗಲಿಲ್ಲ. ಬಕೆಟ್ಟಿನ ಕಡೆ ಕಣ್ಣೂ ಹಾಕದೆ, ಹೊರಗಿನ ಸೀರೆಯಲ್ಲೇ ಸೀದಾ ಒಳಕೋಣೆಗೆ ನಡೆದು ಮಂಚದ ಮೇಲೆ ಕೂತರು. ಸುಸ್ತಾಗಿರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ, “ಈ ಮನೇಲಿ ಪೂರ್ವ ಯಾವ ಕಡೆಯೇ?” ಎಂದು ಕೇಳಿದರು. ಎರಡು ವರ್ಷದಿಂದ ದೇವರ ಗೂಡನ್ನು ಎಲ್ಲಿ ಜಾಗವಿತ್ತೋ ಅಲ್ಲಿ ಇಟ್ಟಿದ್ದೆವು, ದಿಕ್ಕು ನೋಡಿರಲಿಲ್ಲ. ಮಗಳು ಫೋನಿನಲ್ಲಿ ದಿಕ್ಸೂಚಿ ತೆರೆದು ಕೋಣೆಯ ನಡುವೆ ಗಿರಗಿರ ತಿರುಗಿ, ಮಂಚದ ಪಕ್ಕದ ಬೋಳು ಗೋಡೆಯನ್ನು ತೋರಿಸಿದಳು. ಕಿಟಕಿ ಇದ್ದದ್ದು ಅದರ ಎದುರು ಬದಿಗೆ.

ಮರುದಿನ ಕೆಲಸದಿಂದ ಬಂದು ಬಾಗಿಲು ತೆರೆದಾಗ ಯಾವ ದನಿಯೂ ಬರಲಿಲ್ಲ. ಬಚ್ಚಲಲ್ಲಿ ಬಕೆಟ್ಟು ಬೋರಲಾಗಿತ್ತು. ಅದರ ಮರುದಿನವೂ ಹಾಗೇ. ಬೇಡ ಬೇಡವೆಂದು ಕಾದಾಡುತ್ತಿದ್ದ ಸ್ನಾನ ತಪ್ಪಿದ್ದಕ್ಕೆ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

“ಅತ್ತೆ, ನಾನು ಸ್ನಾನ ಮಾಡಿಲ್ಲ,” ಎಂದೆ ಮೂರನೆಯ ದಿನ, ಬೇಕೆಂದೇ ಅವರ ಕೋಣೆಯ ಬಾಗಿಲಿಗೆ ಒರಗಿ ನಿಂತು.

ಅತ್ತೆ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದರು, “ಪೆಟ್ಟಿಗೆ ಮುಟ್ಟಿದೋಳು ಸ್ನಾನ ಮಾಡ್ಬೇಕು ಸರಿ. ಪೆಟ್ಟಿಗೇಲೇ ಇರೋಳು ಏನ್ ಮಾಡ್ಬೇಕು ಹೇಳು. ಬಾ, ಕಾಫಿ ಆರತ್ತೆ.”

ನಾನು ಕಾಫಿ ಕುಡಿದೆ. ಉತ್ತರ ಹೇಳಿದರೆ ಮುಂದಿನ ಮಾತು ಯಾವುದೆಂದು ನನಗೆ ಗೊತ್ತಿತ್ತು, ಅದು ನನ್ನ ಕೆಲಸದ ಬುಡಕ್ಕೇ ಬರುತ್ತಿತ್ತು.

ಶುಕ್ರವಾರ ರಜೆ. ಬೆಳಿಗ್ಗೆ ಅಮ್ಮನಿಗೆ ಕಾಫಿ ಕೊಡಲು ಹೋದ ಇವರು ಅಲ್ಲಿಂದಲೇ ಕೂಗಿದರು. ಓಡಿಹೋದೆ. ಮಂಚದ ಪಕ್ಕದ ಗೋಡೆಯ ಮೇಲೆ, ದಿಂಬಿನ ಮಟ್ಟಕ್ಕೆ, ಎರಡು ಕಣ್ಣು. ರಂಗೋಲಿ ಪುಡಿಯನ್ನು ನೀರಲ್ಲಿ ಕಲಸಿ ಬಿಳಿ ಬಳಿದಿದ್ದರು, ಕಾಡಿಗೆಯಲ್ಲಿ ಹುಬ್ಬು, ಪಾಪೆ, ಕೆಳಗಿನ ಬಳುಕು ಬಾಲ. ಒಂದು ಗೆರೆ ತಪ್ಪಿರಲಿಲ್ಲ. ಜೀವನವಿಡೀ ರಂಗೋಲಿ ಎಳೆದ ಕೈಯಲ್ಲವೇ! ಅತ್ತೆ ಎಡಮಗ್ಗುಲಾಗಿ ಗೋಡೆಗೆ ಮುಖಮಾಡಿ ಮಲಗಿದ್ದರು, ಎಚ್ಚರವಿತ್ತು.

ಇವರು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು. ಮುಖ ಬಿಳಿಚಿಕೊಂಡಿತ್ತು. “ಅಮ್ಮನಿಗೆ ಏನೋ ಆಗಿದೆ ಕಣೇ. ಒಳ್ಳೇ ಡಾಕ್ಟರ್ ಹತ್ರ ಅಪಾಯಿಂಟ್‌ಮೆಂಟ್ ತಗೋತೀನಿ. ಆ ರೂಮಿಗೆ ಒಂದು ದೊಡ್ಡ ಸೀನರಿ ತಂದು ಹಾಕೋಣ. ಕಾಡು, ಜಲಪಾತ, ಆ ಥರದ್ದು.”

ಆ ಸೀನರಿಯ ಮಾತಿಗೆ ನನ್ನ ಮೈ ಉರಿದುಹೋಯಿತು. “ರೀ, ಇನ್ನೂ ಎಷ್ಟು ಸಾಮಾನು ತುಂಬ್ತೀರಿ ಅವರ ಸುತ್ತ? ಅವರಿಗೆ ಡಾಕ್ಟರ್ ಬೇಡ, ಟಿಕೆಟ್ ಬೇಕು. ಇವತ್ತೇ ತೆಗೀರಿ.”

“ನಿನ್ನ ಕೆಲಸ?” ಎಂದರು ಇವರು.

ಎರಡು ವರ್ಷದಿಂದ ಮುಚ್ಚಿಟ್ಟ ಮಾತು ಒಗ್ಗರಣೆ ಡಬ್ಬಿಯ ಪಕ್ಕದಲ್ಲಿ ಬಂದು ಕೂತಿತು. ನಾನು ಸಿಟ್ಟಿನಲ್ಲೇ ಉತ್ತರ ಹೇಳಿದೆ, ಸಿಟ್ಟಿಲ್ಲದೆ ಅದನ್ನು ಹೇಳಲು ನನ್ನಿಂದ ಆಗುತ್ತಿರಲಿಲ್ಲ. “ಬಿಡ್ತೀನಿ.”

ಇವರು ಸ್ಟೂಲಿನ ಮೇಲೆ ಕುಸಿದು ಕೂತರು. ಮಾವ ಹೋದಾಗ ಇವರು ಆಫೀಸಿನ ಯಾವುದೋ ಸೈಟಿನಲ್ಲಿದ್ದರು. ವಿಮಾನ ಸಿಕ್ಕಿ ಮೈಸೂರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದು, ಮನೆಯ ಮುಂದೆ ಹಾಕಿದ್ದ ಬಾಡಿಗೆ ಕುರ್ಚಿಗಳನ್ನು ಯಾರೋ ಎತ್ತಿಡುತ್ತಿದ್ದರು. “ಅಪ್ಪನ ಮುಖ ನೋಡೋಕಾಗ್ಲಿಲ್ಲ ನಂಗೆ,” ಎಂದರು. “ಅಮ್ಮನ ವಿಷಯದಲ್ಲೂ ಹಾಗಾದ್ರೆ ನಾನು ತಡ್ಕೊಳ್ಳಲ್ಲ ಕಣೇ. ಇಲ್ಲಿದ್ರೆ ಕಣ್ಮುಂದೆ ಇರ್ತಾಳೆ.”

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದನ್ನು ನಾವಿಬ್ಬರೂ ನೋಡಿರಲಿಲ್ಲ. ಕೈಬೆರಳಿಗೆ ಇನ್ನೂ ಕಾಡಿಗೆ ಅಂಟಿತ್ತು.

“ಅಂದ್ರೆ ನಾನು ಸಾಯೋದನ್ನ ನೋಡೋಕೆ ಇಟ್ಕೊಂಡಿದೀಯೇನೋ?” ಎಂದರು. ದನಿ ಏರಿರಲಿಲ್ಲ, ಮಗುವನ್ನು ಕೇಳುವ ಹಾಗೆ ಕೇಳಿದರು. “ಚೆನ್ನಾಗೇ ನೋಡ್ಕೊಂಡಿದೀಯಪ್ಪಾ, ಇಲ್ಲ ಅನ್ನಲ್ಲ. ಟಿವಿ ಕೊಟ್ಟೆ, ಚಪ್ಪಲಿ ಕೊಟ್ಟೆ, ಕಾಲು ಒತ್ತೋದನ್ನ ಕೊಟ್ಟೆ. ಆ ಪೆಟ್ಟಿಗೇಲಿದ್ದೋನಿಗೂ ಎಲ್ಲಾ ಕೊಟ್ಟಿದ್ರು, ನೋಡಿದೆ ನಾನು. ಆದ್ರೆ ಅವನು ಸತ್ತ ಮೇಲೆ ಕೊಟ್ಟಿದ್ರು ಕಣೋ. ನಾನಿನ್ನೂ ಸತ್ತಿಲ್ಲ.”

ಇವರು ಅಳುವುದನ್ನು ನಾನು ಮಾವ ಹೋದಾಗಲೂ ನೋಡಿರಲಿಲ್ಲ, ಅಂದು ನೋಡಿದೆ. ಅತ್ತೆ ಹತ್ತಿರ ಬಂದು ಅವರ ತಲೆ ಸವರಿದರು, ಕಾಡಿಗೆ ಹಣೆಗೆಲ್ಲ ಮೆತ್ತಿತು.

ಮುಂದಿನ ವಾರ ಅತ್ತೆ ಹೊರಟರು. ಟಿವಿ, ಯಂತ್ರ, ಚಪ್ಪಲಿ, ಯಾವುದನ್ನೂ ಒಯ್ಯಲಿಲ್ಲ, ರಂಗೋಲಿ ಡಬ್ಬಿ ಮಾತ್ರ ಬ್ಯಾಗಿಗೆ ಹಾಕಿಕೊಂಡರು. ವಿಮಾನ ನಿಲ್ದಾಣದಲ್ಲಿ ನನ್ನ ಕೈ ಹಿಡಿದು, “ತಲೆಗೆ ಎಣ್ಣೆ ಹಚ್ಕೋ, ಕೂದಲು ನಾರಾಗಿದೆ,” ಎಂದರು. ನಾನು ಆ ತಿಂಗಳ ಕೊನೆಗೆ ಕೆಲಸ ಬಿಟ್ಟೆ. ಮೇಲಧಿಕಾರಿ, “ಖಲಾಸ್?” ಎಂದು ಕೇಳಿದರು, ನಾನೂ “ಖಲಾಸ್” ಎಂದೆ. ಕೊನೆಯ ದಿನ ಕಣ್ಣಿನ ಪೆಟ್ಟಿಗೆಯ ದೂಳು ಬೇರೊಬ್ಬರು ತೆಗೆದರು, ನಾನು ಬೆಂಚಿನ ಮೇಲೆ ಕೂತು ನೋಡಿದೆ. ಸುಳ್ಳು ಹೇಳುವುದಿಲ್ಲ, ಹೊಟ್ಟೆ ಉರಿಯಿತು. ಮಾಡಿದ್ದು ಸರಿ ಎಂದು ಗೊತ್ತಿದ್ದರೂ ಉರಿಯಿತು.

ಈಗ ನಾನು ಮನೆಯಲ್ಲಿರುತ್ತೇನೆ. ಬೆಳಿಗ್ಗೆ ಇಬ್ಬರನ್ನೂ ಕಳಿಸಿದ ಮೇಲೆ ಬಾಗಿಲು ಹಾಕಿದರೆ, ಮತ್ತೆ ತೆರೆಯುವುದು ಶಾಲೆಯ ಬಸ್ಸು ಬಂದಾಗಲೇ. ಒಣಗಿದ ಬಟ್ಟೆ ಮಡಿಸಲು ಅತ್ತೆಯ ಕೋಣೆಯೇ ಅನುಕೂಲ. ಅಲ್ಲಿ ಕೂತರೆ ಏಸಿಗಳ ಗುಂಯ್‌ ಸದ್ದು ಬಿಟ್ಟರೆ ಇನ್ನೇನೂ ಕೇಳುವುದಿಲ್ಲ. ಮನೆ ಖಾಲಿ ಮಾಡುವಾಗ ಗೋಡೆ ಗಲೀಜಾಗಿದ್ದರೆ ಮಾಲೀಕರು ಡಿಪಾಸಿಟ್ ಹಿಡಿಯುತ್ತಾರೆ, ಆ ಕಣ್ಣುಗಳನ್ನು ಬೇಗ ಒರೆಸು ಎಂದು ಇವರು ಎರಡು ಸಲ ಹೇಳಿದ್ದಾರೆ.

ಮೊನ್ನೆ ಅತ್ತೆ ವೀಡಿಯೊ ಕಾಲ್ ಮಾಡಿದ್ದರು. ಮನೆಯ ಮುಂದೆ ನಿಂತಿದ್ದರು, ಕಾಲ ಬುಡದಲ್ಲಿ ಅಂಗಳ ತುಂಬುವ ರಂಗೋಲಿ. ಫೋನನ್ನು ಅತ್ತಿತ್ತ ತಿರುಗಿಸಿ ಬೀದಿ ತೋರಿಸಿದರು. ಸೊಪ್ಪಿನವಳು, ಅವಳ ಗಾಡಿ, ಎದುರುಮನೆಯವರ ಸ್ಕೂಟರು, ಎಳೆಬಿಸಿಲು. ಆಮೇಲೆ ಫೋನನ್ನು ಮುಖದ ಹತ್ತಿರ ತಂದು ನನ್ನ ಹಿಂದಿನ ಗೋಡೆಯನ್ನು ದಿಟ್ಟಿಸಿದರು.

“ಇನ್ನೂ ಒರೆಸಿಲ್ವೇನೇ ಅದನ್ನ?”

“ಇವತ್ತು ಒರೆಸ್ತೀನಿ ಅತ್ತೆ. ಬಟ್ಟೆ ಒದ್ದೆ ಮಾಡಿ ಇಟ್ಕೊಂಡಿದೀನಿ.”

ಅತ್ತೆ ನನ್ನ ಮುಖ ನೋಡಿದರು, ಮಡಿಸಿಟ್ಟ ಬಟ್ಟೆಯ ರಾಶಿ ನೋಡಿದರು.

“ಬೇಡ, ಇರ್ಲಿ ಬಿಡು,” ಎಂದರು. “ಈಗ ನಿನಗೆ ಬೇಕಾಗತ್ತೆ.”

ಒದ್ದೆ ಬಟ್ಟೆಯನ್ನು ಹಿಂಡಿ ಬಚ್ಚಲಲ್ಲಿ ಹರವಿ ಬಂದೆ.